ಹಡಗಿನ ಪಂಕ್ತಿಯಲ್ಲಿ ಅವ್ವನ ‘ಸಾಕು’

ನಮ್ಮ ಮುನವಳ್ಳಿ ಕಡೆ ಊಟಕ್ಕೆ ಕುಂತವರು ‘ಸಾಕು’ ಅಂದರೆ ಅದು ಸಾಕು ಅಂತಲ್ಲ. ಮೊದಲನೇ ‘ಸಾಕು’ ಮರ್ಯಾದೆಗೆ. ಎರಡನೇ ‘ಸಾಕು’ ನೀಡುವವರ ಮನಸ್ಸು ನೋಡೋದಕ್ಕೆ. ಮೂರನೇ ಸಲ, ಹೋಳಿಗೆ ಬುಟ್ಟಿ ಹಿಡಿದವರು ‘ಏ, ಒಂದ ಒಂದ್ರೀ, ಏನಾಗೂದಿಲ್ಲ’ ಅಂತ ತಾಟಿಗೆ ಬಿಟ್ಟೇ ಬಿಡ್ತಾರಲ್ಲ, ಆಗ ತಲೆ ತಗ್ಗಿಸಿ ಉಣ್ಣೋದು. ಅದರ ಮೇಲೆ ತುಪ್ಪದವರು ಬರ್ತಾರೆ. ಅವರಿಗೂ ಎರಡು ಸಲ ಸಾಕು.

ಈ ಲೆಕ್ಕ ನನಗೆ ಚಿಕ್ಕಂದಿನಿಂದ ಗೊತ್ತು. ಆದರೂ ಹೋದ ಚಳಿಗಾಲದಲ್ಲಿ, ಅರಬ್ಬಿ ಸಮುದ್ರದ ನಡುವೆ, ಬಿಳಿ ಬಟ್ಟೆ ಹಾಸಿದ ಟೇಬಲ್ಲಿನ ಮುಂದೆ ಕೂತಾಗ ಅದನ್ನು ಪೂರಾ ಮರೆತುಬಿಟ್ಟೆ. ಅವತ್ತು ರಾತ್ರಿ ನಮ್ಮವ್ವ ಅರೆಹೊಟ್ಟೆಯಲ್ಲಿ ಮಲಗಿದಳು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅವ್ವ, ಅಪ್ಪ ಊರಲ್ಲೇ. ಮಲಪ್ರಭಾ ದಂಡೆಯ ಹತ್ತಿರ ಹೊಲ; ಕಬ್ಬು, ಗೋವಿನಜೋಳ, ಹಿಂಗಾರಿಗೆ ಕಡಲೆ. ಅಪ್ಪನಿಗೆ ಅರವತ್ತು ತುಂಬಿತು. ಎಲ್ಲರೂ ಶಾಂತಿ ಮಾಡಿಸು ಅಂದರು. ಅಪ್ಪ ಮಾತ್ರ ಮೆಲ್ಲಗೆ, ‘ಸಮುದ್ರದಾಗ ಒಮ್ಮಿ ಹೋಗಬೇಕಂತ ಆಸೇ ಐತಿ ನೋಡವಾ’ ಅಂದರು. ಮುಂಬೈನಿಂದ ಗೋವಾಕ್ಕೆ ಹೋಗಿ ತಿರುಗಿ ಬರುವ ಮೂರು ರಾತ್ರಿಯ ಪ್ರವಾಸಕ್ಕೆ ಟಿಕೆಟ್ ಮಾಡಿಸಿಯೇ ಬಿಟ್ಟೆ. ಇಎಂಐ ಇನ್ನೂ ಕಟ್ತಾ ಇದ್ದೇನೆ, ಅದು ಬೇರೆ ಮಾತು.

ಬೆಳಗಾವಿಯಿಂದ ರಾತ್ರಿ ಬಸ್ಸು ಹತ್ತಿ ಮುಂಬೈಗೆ ಇಳಿದೆವು. ಅವ್ವನ ಕೈಯಲ್ಲಿ ಒಂದು ಗಂಟು. ಒಳಗೆ ಇಪ್ಪತ್ತು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಬಲ್ಲಾರ್ಡ್ ಪಿಯರ್ ಹತ್ತಿರ ಟ್ಯಾಕ್ಸಿ ನಿಂತಾಗ ನಾನು ಹೇಳಲೇಬೇಕಾಯ್ತು: ಮನೆಯಲ್ಲಿ ಮಾಡಿದ ಅಡುಗೆ ಹಡಗಿನೊಳಗೆ ಒಯ್ಯೋ ಹಾಗಿಲ್ಲ, ಟಿಕೆಟ್ಟಿನ ನಿಯಮದಲ್ಲೇ ಬರೆದಿದ್ದಾರೆ.

‘ಹಂಗಾರ ಮೂರ ದಿನಾ ಏನ ತಿನ್ನೂದು?’

‘ಯವ್ವಾ, ಒಳಗ ಊಟಾ ಇಟ್ಟಿರ್ತಾರ. ಎಷ್ಟ ಬೇಕಾದ್ರೂ ಉಣಬೌದು. ಟಿಕೆಟ್ಟಿನ್ಯಾಗ ಎಲ್ಲಾ ಬಂತು.’

ಅವ್ವ ಗಂಟು ಬಿಚ್ಚದೆ ಹಾಗೆಯೇ ಟ್ಯಾಕ್ಸಿಯವನ ಕೈಗೆ ಕೊಟ್ಟಳು. ಅವನು ಮರಾಠಿಯಲ್ಲಿ ಏನೋ ಅಂದ, ಅವ್ವ ಕನ್ನಡದಲ್ಲಿ ಏನೋ ಅಂದಳು. ಇಬ್ಬರಿಗೂ ತಿಳಿಯಿತು.

ಹಡಗು ಹತ್ತುವಾಗ ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಕೊಡ್ತಾರೆ. ಅದೇ ಕೋಣೆಯ ಕೀಲಿ, ಅದೇ ಪಾಕೀಟು. ಒಳಗೆ ನಗದು ನಡೆಯಲ್ಲ. ಏನು ಕೊಂಡರೂ ಕಾರ್ಡಿಗೆ ಬರೆದುಕೊಂಡು, ಇಳಿಯುವಾಗ ಒಟ್ಟು ಬಿಲ್ ಕೊಡ್ತಾರೆ. ಅಪ್ಪ ಮಧ್ಯಾಹ್ನ ಒಂದು ತಂಪು ಪಾನೀಯ ಕೇಳಿದರು. ನಾನು ಕಾರ್ಡ್ ತೋರಿಸಿ ಚೀಟಿಗೆ ಸಹಿ ಹಾಕಿದೆ. ಅದು ಟಿಕೆಟ್ಟಿನಲ್ಲಿ ಸೇರದ ವಸ್ತು. ಅವ್ವ ಪಕ್ಕದಲ್ಲೇ ನಿಂತು ಎಲ್ಲ ನೋಡ್ತಾ ಇದ್ದಳು. ಅವಳ ತಲೆಯಲ್ಲಿ ಏನು ಲೆಕ್ಕ ಓಡುತ್ತಿದೆ ಅಂತ ನಾನು ಕೇಳಲಿಲ್ಲ.

ಮಧ್ಯಾಹ್ನ ಬಫೆ ಇತ್ತು. ನಾವೇ ತಾಟು ಹಿಡಿದು ಹಾಕಿಕೊಳ್ಳೋದು. ಅವ್ವ ಸಾಲಿಗೆ ಬರಲೇ ಇಲ್ಲ. ‘ನನಗ ಹಸಿವಿಲ್ಲ, ನೀವ ಹೋಗ್ರಿ’ ಅಂತ ಕಿಟಕಿ ಹತ್ತಿರ ಕೂತಳು. ಪ್ರಯಾಣದ ದಣಿವು ಅಂದುಕೊಂಡು ಸ್ವಲ್ಪ ಅನ್ನ, ದಾಲ್ ತಂದು ಕೊಟ್ಟೆ. ರಾತ್ರಿ ದೊಡ್ಡ ಊಟದ ಕೋಣೆಗೆ ಕರೆದುಕೊಂಡು ಹೋಗೋಣ, ಅಲ್ಲಿ ಕೂತಲ್ಲೇ ತಂದು ಕೊಡ್ತಾರೆ, ಅವ್ವನಿಗೆ ಅದೇ ಸರಿ ಅನ್ನಿಸಿತು.

ಆ ಊಟದ ಕೋಣೆ ನೋಡೋ ಹಾಗಿತ್ತು. ಒಬ್ಬೊಬ್ಬರ ಮುಂದೆ ಮೂರು ಚಮಚ, ಎರಡು ಚಾಕು, ಹೂವಿನ ಹಾಗೆ ಮಡಚಿಟ್ಟ ಕರವಸ್ತ್ರ. ಮೆನುವಿನಲ್ಲಿ ನಾಲ್ಕು ಭಾಗ: ಮೊದಲು ತಿನ್ನೋ ಸಣ್ಣ ತಿಂಡಿ, ಸೂಪು, ಮುಖ್ಯ ಊಟ, ಕೊನೆಗೆ ಸಿಹಿ. ನಾನು ಮೂವರಿಗೂ ಒಂದೊಂದು ಹೇಳಿದೆ. ಅವ್ವನಿಗೆ ಟೊಮೆಟೊ ಸೂಪು, ಒಂದು ಪನೀರ್ ಪಲ್ಯ, ರೊಟ್ಟಿ.

ಹೋಟೆಲಿನ ಪನೀರ್ ಪ್ಲೇಟ್ ನೆನೆಸಿಕೊಂಡರೆ ತಪ್ಪಾಗುತ್ತೆ. ಇಲ್ಲಿ ನಾಲ್ಕು ಬಗೆ ತಿನ್ನೋರು ಅಂತ ಲೆಕ್ಕ ಹಾಕಿ ಪ್ರತಿಯೊಂದನ್ನೂ ಸಣ್ಣದಾಗಿಯೇ ಇಡ್ತಾರೆ. ದೊಡ್ಡ ಬಿಳಿ ತಾಟಿನ ನಡುವೆ ಐದಾರು ಚೂರು ಪನೀರ್, ಮೇಲೊಂದು ಕೊತ್ತಂಬರಿ ಎಲೆ, ಅಂಗೈ ಅಗಲದ ಎರಡು ರೊಟ್ಟಿ. ದಿನಾ ಎರಡು ಜೋಳದ ರೊಟ್ಟಿ, ಪಲ್ಯ, ಅನ್ನ ಸಾರು ಉಣ್ಣೋ ಹೆಣ್ಣುಮಗಳಿಗೆ ಅದು ಎಲ್ಲಿಗೆ ಸಾಕಾಗುತ್ತೆ?

ತಾಟು ತೆಗೆಯೋಕೆ ಬಂದ ಹುಡುಗ ಇಂಗ್ಲಿಷಿನಲ್ಲಿ ಕೇಳಿದ: ಇನ್ನೇನಾದರೂ ತರಲೇ? ನಾನು ಅವ್ವನ ಕಡೆ ನೋಡಿದೆ.

‘ಸಾಕ್ ಬಿಡವಾ.’

ಹುಡುಗ ನಕ್ಕು ತಾಟು ಎತ್ತಿಕೊಂಡು ಹೋದ. ಅವನ ಕೆಲಸ ಅವನು ಸರಿಯಾಗಿ ಮಾಡಿದ. ಒಂದು ಸಲ ಕೇಳಿದ, ಉತ್ತರ ಬಂತು, ಮುಗೀತು. ಎರಡನೇ ಸಲ ಕೇಳಬೇಕಾದವಳು ನಾನು. ನಾನು ಸಿಹಿ ತಿಂಡಿಯ ಫೋಟೊ ತೆಗೀತಾ ಇದ್ದೆ.

ರಾತ್ರಿ ಒಂದು ಗಂಟೆ ಸುಮಾರಿಗೆ ಎಚ್ಚರವಾಯಿತು. ಹಡಗು ಮೆಲ್ಲಗೆ ತೂಗುತ್ತಿತ್ತು. ಕತ್ತಲಲ್ಲಿ ಕರಕರ ಅಂತ ಸಣ್ಣ ಸಪ್ಪಳ. ಮೊಬೈಲ್ ಬೆಳಕು ಹಿಡಿದರೆ, ಅವ್ವ ಹಾಸಿಗೆಯ ಅಂಚಿಗೆ ಕೂತು ಬಸ್ಸಿನಲ್ಲಿ ಉಳಿದಿದ್ದ ಪಾರ್ಲೆ-ಜಿ ಬಿಸ್ಕತ್ತನ್ನು ನೀರಲ್ಲಿ ಅದ್ದಿ ತಿನ್ನುತ್ತಿದ್ದಳು. ಸಿಕ್ಕಿಬಿದ್ದ ಹುಡುಗಿಯ ಹಾಗೆ ನನ್ನನ್ನು ನೋಡಿದಳು.

‘ಯವ್ವಾ, ಹಸದಿದ್ರ ಆಗಲೇ ಹೇಳೂದಲ್ಲೇನ?’

‘ಹೆಂಗ ಹೇಳೂದು? ಒಂದೊಂದಕ್ಕೂ ನೀ ಕಾರ್ಡ ಕೊಡತಿ, ಸಹಿ ಮಾಡತಿ. ಮೊದಲ ಸಾಲಾ ಮಾಡಿ ಕರ್ಕೊಂಡ ಬಂದೀ.’

ಊಟಕ್ಕೆ ಹಣ ಇಲ್ಲ, ತಂಪು ಪಾನೀಯಕ್ಕೆ ಮಾತ್ರ ಅಂತ ವಿವರಿಸಿದೆ. ಇನ್ನೊಂದು ತಾಟು ಕೇಳಿದ್ದರೂ ಒಂದು ರೂಪಾಯಿ ಬೀಳ್ತಿರಲಿಲ್ಲ ಅಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದ್ದು ರೊಕ್ಕದ ಮಾತಲ್ಲ.

‘ರೊಕ್ಕಾ ಇಲ್ಲಂದ್ರೂ ಕೇಳಾಕ ಬಾಯಿ ಬರೂದಿಲ್ಲವಾ. ಹೊಳಿ ಬಂದಾಗ ಕೇಳಲಿಲ್ಲ, ಈಗೇನ ಕೇಳಲಿ.’

2019ರ ಆಗಸ್ಟ್. ನವಿಲುತೀರ್ಥದ ರೇಣುಕಾಸಾಗರ ತುಂಬಿ ನೀರು ಬಿಟ್ಟಾಗ ಮಲಪ್ರಭೆ ಮುನವಳ್ಳಿಯೊಳಗೆ ಬಂದಿದ್ದಳು. ನಮ್ಮ ಮನೆಯಲ್ಲಿ ಎದೆಮಟ್ಟ ನೀರು. ಅವ್ವ, ಅಪ್ಪ ನಾಲ್ಕು ದಿನ ಒಂದು ಶಾಲೆಯಲ್ಲಿದ್ದರು. ನಾನು ಆಗ ಬೆಂಗಳೂರಲ್ಲಿ ಹೊಸ ಕೆಲಸಕ್ಕೆ ಸೇರಿದ್ದೆ. ರಸ್ತೆ ಬಂದ್ ಆಗಿತ್ತು. ಫೋನ್ ಸಿಕ್ಕಾಗಲೆಲ್ಲ ‘ಊಟ ಆತೇನು?’ ಅಂದರೆ ಅವ್ವ ‘ಆತವಾ, ಬೇಕಾದಂಗ ಐತಿ’ ಅನ್ನುತ್ತಿದ್ದಳು. ನಾನು ನಂಬಿದ್ದೆ.

ಅಲ್ಲಿ ಊಟ ಕೊಡುತ್ತಿದ್ದದ್ದು ನಿಜ. ಸುತ್ತಲಿನ ಹಳ್ಳಿಗಳಿಂದ ಜನ ರೊಟ್ಟಿ ಬಡಿದು, ಚಟ್ನಿ ಕಟ್ಟಿ ಗಾಡಿ ತುಂಬಾ ಕಳಿಸಿದ್ದರು. ಆದರೆ ತಾಟು ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಪಡ್ಡಲಗಿ ತುಂಬಿಸಿ, ಗೊತ್ತಿದ್ದವರು ಗೊತ್ತಿಲ್ಲದವರು ಎಲ್ಲರನ್ನೂ ಕರೆದು ಕೈಯಾರೆ ನೀಡಿದ ಹೆಣ್ಣುಮಗಳು ಅವತ್ತು ತನ್ನ ತಾಟು ಮುಂದೆ ಚಾಚಿದಳು. ಒಬ್ಬ ಹುಡುಗ ಒಂದು ರೊಟ್ಟಿ ಹಾಕಿ, ‘ಇನ್ನೊಂದ ಹಾಕ್ಲೇನ್ರೀ ಅಜ್ಜೀ?’ ಅಂದನಂತೆ. ಅವ್ವ ರೂಢಿಯ ಹಾಗೆ ‘ಸಾಕಪಾ’ ಅಂದಳು. ಹಿಂದೆ ಸಾಲು ಉದ್ದ ಇತ್ತು. ಅವನು ಮುಂದಿನವರಿಗೆ ಕೈ ಚಾಚಿದ.

‘ಅಂವಾ ಕೇಳಿದ್ದ ಖರೇವ. ನಾನೂ ಸಾಕ ಅಂದದ್ದ ಖರೇವ. ಯಾರದೂ ತಪ್ಪಿಲ್ಲ. ಒಂದ ರೊಟ್ಟಿ ತಿಂದ ಮಲಕೊಂಡ್ವಿ.’

ಆರೇಳು ವರ್ಷ ಅವ್ವ ಈ ಮಾತು ನನಗೆ ಹೇಳಿರಲಿಲ್ಲ. ಮಧ್ಯಾಹ್ನ ಬಫೆ ಸಾಲಿಗೆ ಯಾಕೆ ಬರಲಿಲ್ಲ ಅಂತ ಆಗ ತಿಳಿಯಿತು.

ಮರುದಿನ ಗೋವಾ ನೋಡಿ ಬಂದೆವು. ಸಂಜೆ ಅದೇ ಊಟದ ಕೋಣೆಗೆ ಹೋದಾಗ ನಾನು ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ಅವ್ವ ಕೇಳೋದೇ ಬೇಡ, ನಾನೇ ಎಲ್ಲ ತರಿಸ್ತೀನಿ. ಮೆನುವಿನಲ್ಲಿದ್ದ ಸಸ್ಯಾಹಾರದ ತಿಂಡಿ ಮೂರೂ ತರಿಸಿದೆ. ಮುಖ್ಯ ಊಟದಲ್ಲಿ ಬಿರಿಯಾನಿ, ಪಾಸ್ತಾ, ಎರಡು ಪಲ್ಯ. ಸಿಹಿ ನಾಲ್ಕು. ಟೇಬಲ್ ತುಂಬಿತು. ಫೋಟೊ ಚಂದ ಬಂತು.

ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಹೊಟ್ಟೆ ತುಂಬಿತ್ತು. ಅಪ್ಪ ಪಾಸ್ತಾ ಒಂದು ತುತ್ತು ತಿಂದು ‘ಇದಕ್ಕ ಒಗ್ಗರಣಿ ಹಾಕಿಲ್ಲೇನ?’ ಅಂತ ಬದಿಗೆ ಸರಿಸಿದರು. ಅವ್ವ ಮಾತ್ರ ಉಣ್ಣುತ್ತಲೇ ಇದ್ದಳು. ಮುಖ ನೋಡಿದರೆ ಗೊತ್ತಾಗುತ್ತಿತ್ತು: ಹಸಿವಿಗಲ್ಲ, ಚೆಲ್ಲಬಾರದು ಅಂತ. ನಿನ್ನೆ ಹೊಟ್ಟೆಗೆ ಸಾಲದ್ದಕ್ಕೆ ಸಂಕಟ, ಇವತ್ತು ಹೆಚ್ಚಾದದ್ದಕ್ಕೆ ಸಂಕಟ. ಎರಡೂ ನನ್ನ ಪುಣ್ಯವೇ.

ತಾಟು ತೆಗೆಯೋಕೆ ಅವತ್ತು ಬೇರೆ ಹುಡುಗ ಬಂದ. ನಮ್ಮ ಮಾತು ಕೇಳಿ ತಟ್ಟನೆ, ‘ಕನ್ನಡದವರಾ? ನನ್ನದು ಕುಂದಾಪುರ’ ಅಂದ. ಅವ್ವನ ಮುಖ ಅರಳಿತು. ನೀರಿನ ಮಧ್ಯೆ ನೆಂಟರು ಸಿಕ್ಕ ಹಾಗೆ.

‘ತಮ್ಮಾ, ಇದ ಉಳದದ್ದ ಎಲ್ಲಾ ಏನ ಮಾಡತೀರಿ?’

ಅವನು ಸ್ವಲ್ಪ ತಡೆದು ಹೇಳಿದ, ‘ಟೇಬಲ್ಲಿಗೆ ಬಂದದ್ದನ್ನು ಮತ್ತೆ ಯಾರಿಗೂ ಕೊಡಲಿಕ್ಕಿಲ್ಲ ಅಮ್ಮಾ. ಅರೆಯುವ ಮಿಷನ್ನಿಗೆ ಹೋಗ್ತದೆ.’

ಆಮೇಲೆ ನಾನು ಓದಿ ತಿಳಿದುಕೊಂಡೆ. ಹಡಗುಗಳ ಕಸಕ್ಕೆ ಮಾರ್ಪೋಲ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ನಿಯಮ ಇದೆ. ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಎಸೆಯೋ ಹಾಗೇ ಇಲ್ಲ. ಉಳಿದ ಊಟವನ್ನು 25 ಮಿಲಿಮೀಟರ್ ಜರಡಿಯಲ್ಲಿ ಇಳಿಯುವಷ್ಟು ಸಣ್ಣಗೆ ಅರೆದರೆ, ದಡದಿಂದ ಕನಿಷ್ಠ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್ ಆಚೆ ಬಿಡಬಹುದು. ಅರೆಯದಿದ್ದರೆ 12 ನಾಟಿಕಲ್ ಮೈಲಿ ಆಚೆ ಹೋಗಬೇಕು. ಇನ್ನಷ್ಟು ಬಿಗಿ ನಿಯಮದ ಸಮುದ್ರಗಳೂ ಇವೆ.

ಅಪ್ಪನಿಗೆ ಇದನ್ನು ಹೇಳಿದಾಗ ಅವರು ನಕ್ಕರು. ‘ಸೀಗಿ ಹುಣ್ಣಿವಿಗೆ ನಾವು ಹೊಲಕ್ಕ ಚರಗಾ ಚೆಲ್ಲತೀವಿ. ಇವರು ದಿನಾ ಸಮುದ್ರಕ್ಕ ಚೆಲ್ಲತಾರ.’

‘ಚರಗಾ ಚೆಲ್ಲಿದ ಮ್ಯಾಲೆ ಬೆಳಿ ಬರತೈತಿ, ಇದರಾಗೇನ ಬರತೈತಿ?’ ಅಂದಳು ಅವ್ವ. ಅಪ್ಪನ ಹತ್ತಿರ ಉತ್ತರ ಇರಲಿಲ್ಲ.

ಹೆಚ್ಚುವರಿ ಪ್ಲೇಟ್ ತರಿಸೋದು ಹಡಗುಗಳಲ್ಲಿ ದೊಡ್ಡ ಚರ್ಚೆಯ ವಿಷಯ ಅಂತಲೂ ಆಗ ಗೊತ್ತಾಯಿತು. ದೊಡ್ಡ ಊಟದ ಕೋಣೆಯಲ್ಲಿ ಎಷ್ಟು ಬೇಕಾದರೂ ಕೇಳಬಹುದು ಅನ್ನೋದು ಈ ಪ್ರವಾಸಗಳ ಹಳೆಯ ಆಕರ್ಷಣೆ. ಆದರೆ ಅಮೆರಿಕದ ಕಾರ್ನಿವಲ್ ಕಂಪನಿ ಕೋವಿಡ್ ನಂತರ ಒಂದು ಗೆರೆ ಎಳೆಯಿತು: ಮುಖ್ಯ ಊಟ ಎರಡರವರೆಗೆ ಪುಕ್ಕಟೆ, ಮೂರನೆಯದರಿಂದ ಒಂದೊಂದಕ್ಕೆ 5 ಡಾಲರ್. ಊಟ ಹಾಳಾಗೋದು ತಪ್ಪಲಿ ಅನ್ನೋದು ಅವರು ಕೊಟ್ಟ ಕಾರಣ. ನಮ್ಮೂರಲ್ಲಿ ಮೂರನೇ ಸಲ ಒತ್ತಾಯ ಮಾಡಿ ಹಾಕಿದರೆ ಪ್ರೀತಿ, ಅಲ್ಲಿ ಮೂರನೇ ಸಲ ಕೇಳಿದರೆ ಬಿಲ್ಲು.

ಕೊನೆಯ ರಾತ್ರಿ. ಈ ಸಲ ಅವ್ವನೇ ಮೆನು ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡಳು. ಓದೋಕೆ ಬರಲ್ಲ, ಇಂಗ್ಲಿಷು. ಆದರೂ ಹಿಡಿದುಕೊಂಡಳು. ಕುಂದಾಪುರದ ಹುಡುಗ ಬಂದು ನಿಂತ.

‘ತಮ್ಮಾ, ಹಿಂಗ ಮಾಡು. ಎಲ್ಲಾ ಒಮ್ಮೇಲೆ ತರಬ್ಯಾಡ. ಮೊದಲ ಒಂದ ತಾಟ ತಾ, ನಡುವ ಇಡು. ಮೂರೂ ಮಂದಿ ಹಂಚಕೊಂಡ ತಿಂತೀವಿ. ಅದ ಮುಗದ ಮ್ಯಾಲೆ ಹೇಳತೀನಿ.’

ನಾನು ಗಾಬರಿಯಾದೆ. ಇಂಥ ಜಾಗದಲ್ಲಿ ಹೀಗೆಲ್ಲ ಹೇಳಬಹುದಾ? ಹುಡುಗ ಮಾತ್ರ ಆರಾಮಾಗಿ, ‘ಹಾಗೇ ಮಾಡುವ ಅಮ್ಮಾ, ಅದೇ ಒಳ್ಳೆಯದು’ ಅಂದ. ಅವನೇ ಇನ್ನೂ ನಾಲ್ಕು ಮಾತು ಸೇರಿಸಿದ. ಬೇಕಾದರೆ ಅರ್ಧ ಪ್ರಮಾಣ ಕೇಳಬಹುದು. ಮುಖ್ಯ ಊಟ ಬೇಡ ಅನ್ನಿಸಿದರೆ ಎರಡು ಸಣ್ಣ ತಿಂಡಿ, ಒಂದು ಸೂಪಲ್ಲೇ ಊಟ ಮುಗಿಸಬಹುದು. ರುಚಿ ಗೊತ್ತಿಲ್ಲದ್ದನ್ನು ಟೇಬಲ್ಲಿಗೆ ಒಂದೇ ತರಿಸಿ ನೋಡಬಹುದು. ಖಾರ, ಈರುಳ್ಳಿ, ಬೆಳ್ಳುಳ್ಳಿಯ ವಿಷಯ ಇದ್ದರೆ ಹಿಂದಿನ ರಾತ್ರಿಯೇ ಹೇಳಿಟ್ಟರೆ ಅಡುಗೆಮನೆಯವರಿಗೆ ಸುಲಭ. ಹಣ ಬೀಳೋದು ಬೇರೆ ಹೆಸರಿನ ವಿಶೇಷ ರೆಸ್ಟೊರೆಂಟುಗಳಲ್ಲಿ, ಪಾನೀಯಗಳಿಗೆ. ಅನುಮಾನ ಬಂದರೆ ‘ಇದು ಟಿಕೆಟ್ಟಿನಲ್ಲಿ ಸೇರಿದೆಯಾ?’ ಅಂತ ಒಂದು ಮಾತು ಕೇಳಿದರೆ ಯಾರೂ ತಪ್ಪು ತಿಳಿಯಲ್ಲ. ಇದನ್ನೆಲ್ಲ ನಾನು ಮೊದಲ ದಿನವೇ ಕೇಳಿಕೊಳ್ಳಬೇಕಾಗಿತ್ತು.

ಮೊದಲ ತಾಟು ಬಂತು. ಮುಗೀತು. ಅವ್ವ ಕೈ ಎತ್ತಿ ಹುಡುಗನನ್ನು ಕರೆದಳು. ನಿಜವಾಗಲೂ ಕರೆದಳು.

‘ಆ ಬ್ಯಾಳಿ ಪಲ್ಯಾ ಚೊಲೊ ಐತಿ. ಇನ್ನೊಂದ ತಾ. ಎರಡ ರೊಟ್ಟಿನೂ.’

ಅದು ಬಂತು, ಅದೂ ಮುಗೀತು. ಆಮೇಲೆ ಅನ್ನ. ಆಮೇಲೆ ಗುಲಾಬ್ ಜಾಮೂನು, ಒಂದು ಸಲ; ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಸಲ. ಹಾಗೆ ನೋಡಿದರೆ ಅವತ್ತು ನಾವು ತರಿಸಿದ್ದು ಹಿಂದಿನ ರಾತ್ರಿಗಿಂತ ಬಹಳ ಕಡಿಮೆ ಏನಲ್ಲ. ಆದರೆ ಒಂದು ಚೂರೂ ತಿರುಗಿ ಹೋಗಲಿಲ್ಲ.

ಆಗ ನನಗೆ ಹೊಳೆಯಿತು, ಅವ್ವ ಮಾಡಿದ್ದು ನಮ್ಮ ಪಂಕ್ತಿಯ ಊಟವನ್ನೇ ಅಂತ. ಪಂಕ್ತಿಯಲ್ಲಿ ಯಾರೂ ಒಂದೇ ಸಲ ರಾಶಿ ಹಾಕಲ್ಲ. ಪಲ್ಯದವರು ಒಂದು ಸುತ್ತು, ರೊಟ್ಟಿಯವರು ಒಂದು ಸುತ್ತು, ಹುಗ್ಗಿಯವರು ಒಂದು ಸುತ್ತು. ಉಂಡಷ್ಟು ಹಾಕ್ತಾರೆ, ಮತ್ತೆ ಬರ್ತಾರೆ. ಮನೆಯ ಹಿರಿಯರು ಸಾಲಿನ ನಡುವೆ ಅಡ್ಡಾಡುತ್ತ ‘ಸಾವಕಾಶ ಆಗಲ್ರೀ’ ಅಂತಾರೆ. ಹಡಗಿನಲ್ಲಿ ಸುತ್ತು ಬರುವವರಿಲ್ಲ. ಆ ಸುತ್ತನ್ನು ನಾವೇ ಕರೀಬೇಕು. ವ್ಯತ್ಯಾಸ ಅಷ್ಟೇ. ಅವ್ವನಿಗೆ ಅದು ಮೂರು ದಿನದಲ್ಲಿ ತಿಳಿಯಿತು. ಹತ್ತಾರು ರಿವ್ಯೂ ಓದಿ ಟಿಕೆಟ್ ಮಾಡಿದ ನನಗೆ ತಿಳಿದಿರಲಿಲ್ಲ.

ಏಳುವ ಮೊದಲು ಅವ್ವ ಹುಡುಗನನ್ನು ಕೇಳಿದಳು, ‘ನಿಂದ ಊಟಾ ಆತೇನ ತಮ್ಮಾ?’

‘ಇಲ್ಲ ಅಮ್ಮಾ, ನಮ್ಮದು ಎರಡನೇ ಪಂಕ್ತಿ ಮುಗಿದ ಮೇಲೆ.’ ಈ ಹಡಗಿನಲ್ಲಿ ಊಟ ಎರಡು ಸರದಿಯಲ್ಲಿ ನಡೆಯುತ್ತಿತ್ತು. ಅವನೂ ಅದನ್ನು ಪಂಕ್ತಿ ಅಂತಲೇ ಕರೆದ.

‘ಹೊಟ್ಟಿ ತುಂಬ ಉಣ್ಣಪಾ. ನಾಚಬ್ಯಾಡ’ ಅಂದಳು. ಅಪ್ಪ ನನ್ನ ಕಡೆ ನೋಡಿ ಕಣ್ಣು ಹೊಡೆದರು: ಯಾರು ಯಾರಿಗೆ ಹೇಳ್ತಿದ್ದಾರೆ ನೋಡು ಅನ್ನೋ ಹಾಗೆ.

ಊರಿಗೆ ಬಂದ ಮೇಲೆ ಅವ್ವ ಓಣಿಯವರಿಗೆಲ್ಲ ಹೇಳಿದ್ದು ಸಮುದ್ರದ ಬಗ್ಗೆ ಅಲ್ಲ, ಗೋವಾದ ಬಗ್ಗೆಯೂ ಅಲ್ಲ. ‘ಕುಂತಲ್ಲೇ ತಂದ ಕೊಡತಾರ, ಆದ್ರ ನಾವ ಕೇಳಬೇಕ ನೋಡ್ರೀ. ಕೇಳಲಿಲ್ಲಂದ್ರ ತಾಟ ಎತ್ತಕೊಂಡ ಹೋಗಿಬಿಡತಾರ.’

ನಾನು ಕಲಿತದ್ದು ಇನ್ನೊಂದು. ಮನೆಯಿಂದ ದೂರ ಇರುವ ನಮ್ಮಂಥವರು ದಿನಾ ಫೋನಿನಲ್ಲಿ ಒಂದೇ ಸಲ ಕೇಳ್ತೀವಿ. ಊಟ ಆತಾ? ಆತು. ಆರಾಮ? ಆರಾಮ. ಇಡ್ಲಾ? ಇಡು. ತಾಟು ಎತ್ತಿಕೊಂಡು ಹೋದ ಹಾಗೆ ಫೋನ್ ಇಟ್ಟುಬಿಡ್ತೀವಿ.

ಮೊನ್ನೆ ರವಿವಾರ ಫೋನ್ ಮಾಡಿದ್ದೆ.

‘ಮೊಣಕಾಲ ಹೆಂಗೈತಿ ಯವ್ವಾ?’

‘ಆರಾಮ ಐತಿ.’

‘ಖರೇನ ಆರಾಮ ಐತಿ?’

‘ಐತಿ ಬಿಡವಾ, ಏನೂ ಇಲ್ಲ.’

‘ಪೈರಿ ಇಳಿಯೂಮುಂದ?’

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಕುಕ್ಕರ್ ಸೀಟಿ ಹೊಡೆದದ್ದು ಕೇಳಿಸಿತು.

‘ಇಳಿಯೂಮುಂದ ಹಿಡಕೊಂಡಂಗ ಆಕ್ಕೈತಿ. ಈ ಸಲ ಬಂದಾಗ ಡಾಕ್ಟರ ಕಡೆ ಕರ್ಕೊಂಡ ಹೋಗ್ತಿಯೇನ?’

ಶನಿವಾರದ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ.